ಕುಮಟಾದ ಬೆಸುಗೆ, ಮಡಗಾಸ್ಕರದ ಅಂಚು

(ಪುಣೆಯಲ್ಲಿ ಕನ್ನಡ ಶ್ರೋತೃಗಳ ಮುಂದೆ ನೀಡಿದ ದತ್ತಿ ಉಪನ್ಯಾಸದ ಅಚ್ಚುರೂಪ)

ಪುಣೆಯ ಜಂಗಲಿ ಮಹಾರಾಜ ರಸ್ತೆಯ ಮಗ್ಗುಲಲ್ಲೇ ತಗ್ಗಿಗೆ ಇಳಿದರೆ ಪಾತಾಳೇಶ್ವರ. ರಾಷ್ಟ್ರಕೂಟರ ಕಾಲದಲ್ಲಿ, ಎಂಟನೆಯ ಶತಮಾನದಲ್ಲಿ, ಕರಿಬಂಡೆಯನ್ನು ಕೊರೆದು ಮಾಡಿದ ಗುಡಿ. ಎಲ್ಲೋರದ ಕೈಲಾಸವೂ ಅದೇ ವಂಶದ, ಅದೇ ಶತಮಾನದ ಕೆಲಸ, ಕಲ್ಲೂ ಅದೇ. ಅಲ್ಲಿಂದ ದಕ್ಷಿಣಕ್ಕೆ ಬಾದಾಮಿಗೆ ಬಂದರೆ ಚಾಲುಕ್ಯರ ಉಳಿ ಬಿದ್ದದ್ದು ಕೆಂಪು ಮರಳುಗಲ್ಲಿನ ಮೇಲೆ. ಇನ್ನೂ ಕೆಳಗೆ ಹಳೇಬೀಡಿನಲ್ಲಿ ಹೊಯ್ಸಳರ ಶಿಲ್ಪಿಗಳು ಆರಿಸಿಕೊಂಡದ್ದು ಉಗುರಿಗೂ ಗೀರು ಬೀಳುವಷ್ಟು ಮೆತ್ತನೆಯ ಬಳಪದ ಕಲ್ಲು. ರಾಜರಲ್ಲಿ ಚಾಲುಕ್ಯರೇ ಹಿರಿಯರು, ಹೊಯ್ಸಳರೇ ಕಿರಿಯರು. ಕಲ್ಲುಗಳ ವಂಶಾವಳಿ ಮಾತ್ರ ಬೇರೆ. ಪುಣೆಯ ಕರಿಕಲ್ಲಿಗೆ ಸುಮಾರು 6.6 ಕೋಟಿ ವರ್ಷ. ಬಾದಾಮಿಯ ಮರಳುಗಲ್ಲು ಪ್ರಾಣಿಗಳಿಗೆ ಚಿಪ್ಪು, ಮೂಳೆ ಬರುವುದಕ್ಕೂ ಮೊದಲು ಕೂತ ಪದರ. ಹೊಯ್ಸಳರ ಬಳಪದ ಕಲ್ಲು 250 ಕೋಟಿ ವರ್ಷಗಳಿಗಿಂತ ಹಳೆಯದು. ಮೂರು ಗುಡಿಗಳ ದರ್ಶನ ಮಾಡಿ ಬಂದವರು ತಿಳಿಯದೆಯೇ ದಖ್ಖನ್ನಿನ ಭೂಚರಿತ್ರೆಯ ಮೂರು ದೊಡ್ಡ ಅಧ್ಯಾಯಗಳನ್ನು ತಿರುವಿ ಹಾಕಿರುತ್ತಾರೆ.

ಪುಣೆಯವರ ಪಾಲಿಗೆ ಕಲ್ಲೆಂದರೆ ಬಸಾಲ್ಟ್. ಪರ್ವತಿ, ವೇತಾಳ ಟೇಕಡಿ, ಸಿಂಹಗಡ ಯಾವುದನ್ನೇ ಹತ್ತಲಿ, ಕಾಲಡಿಯಲ್ಲಿ ಇರುವುದು ಒಂದರ ಮೇಲೊಂದು ಹರಿದು ಹೆಪ್ಪುಗಟ್ಟಿದ ಲಾವಾ. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಅದು ಮುಚ್ಚಿದೆ. ಸಹ್ಯಾದ್ರಿಯ ಕಡೆ ಅದರ ದಪ್ಪ 2 ಕಿ.ಮೀ. ಮೀರುತ್ತದೆ. ಕರ್ನಾಟಕದ ನಡುವಿನಿಂದ ವಾಯವ್ಯಕ್ಕೆ ಮುಖ ಮಾಡಿ ಬರುವ ಧಾರವಾಡ ಶಿಲೆಗಳ ಪಟ್ಟಿಗಳು ಬೆಳಗಾವಿಯ ಆಸುಪಾಸಿನಲ್ಲಿ ಈ ಲಾವಾದಡಿ ಹೊಕ್ಕು ಕಾಣದಾಗುತ್ತವೆ. ಪಶ್ಚಿಮದಲ್ಲಿ ಅವು ಗೋವಾ, ಕಾರವಾರದ ಕಡಲ ದಡದವರೆಗೆ ಬಂದು ಥಟ್ಟನೆ ನಿಲ್ಲುತ್ತವೆ. ಮುಂದಿನ ತುಂಡು ಇರುವುದು ಸುಮಾರು 4 ಸಾವಿರ ಕಿ.ಮೀ. ಆಚೆ, ಮಡಗಾಸ್ಕರದಲ್ಲಿ. ಹಳೆಯ ಪರ್ವತಸಾಲೊಂದರ ನಕ್ಷೆ ಬರೆಯುವವರಿಗೆ ಬರಬಹುದಾದ ಎರಡು ದೊಡ್ಡ ತೊಡಕುಗಳೂ, ಎಂದರೆ ಮೇಲೆ ಮುಚ್ಚಿಗೆ ಮತ್ತು ಮಗ್ಗುಲಲ್ಲಿ ಸಮುದ್ರ, ಈ ಸೀಮೆಯಲ್ಲಿ ಒಟ್ಟಿಗೇ ಬಂದಿವೆ.

ಮೊದಲು ಮುಚ್ಚಿಗೆಯ ಅಂಚಿನ ಮಾತು. ಆ ಅಂಚನ್ನು ಕ್ರಮವಾಗಿ ನಡೆದು ಗುರುತಿಸಿದವನು ರಾಬರ್ಟ್ ಬ್ರೂಸ್ ಫೂಟ್. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಸೇರಿದ ಈತನನ್ನು ಜನ ನೆನೆಯುವುದು 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಸಿಕ್ಕಿದ ಆದಿಮಾನವನ ಕಲ್ಲಿನ ಆಯುಧಕ್ಕಾಗಿ. ಭೂವಿಜ್ಞಾನಿಗಳು ನೆನೆಯುವುದು 1876ರಲ್ಲಿ ಅಚ್ಚಾದ ದಕ್ಷಿಣ ಮರಾಠಾ ಸೀಮೆಯ ವರದಿಗಾಗಿ. ಬೆಳಗಾವಿ, ಧಾರವಾಡ, ವಿಜಯಪುರ, ಕೊಲ್ಹಾಪುರದ ನೆಲ ಅದರ ವಸ್ತು. ಮುಂದಿನ ದಶಕದಲ್ಲಿ ಫೂಟ್ ಹಸಿರು-ಕಪ್ಪು ಪದರಶಿಲೆ, ಕಬ್ಬಿಣದ ಅದಿರಿನ ಪಟ್ಟೆಗಲ್ಲು, ಬೆಣಚುಕಲ್ಲುಗಳ ಈ ಹಳೆಯ ಕೂಟವನ್ನು ಸುತ್ತಲಿನ ನೀಸ್ ಶಿಲೆಯಿಂದ ಬೇರ್ಪಡಿಸಿ 'ಧಾರವಾಡ' ಎಂದು ಕರೆದ. ಮೈಸೂರು ಸಂಸ್ಥಾನ 1894ರಲ್ಲಿ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಚುಕ್ಕಾಣಿ ಹಿಡಿದವನೂ ಈತನೇ. ಪುಣೆಯಿಂದ ಕಾರಿನಲ್ಲಿ ಹುಬ್ಬಳ್ಳಿಗೆ ಹೋಗುವವರು ನಿಪ್ಪಾಣಿ, ಬೆಳಗಾವಿ ದಾಟಿ ಧಾರವಾಡ ಮುಟ್ಟುವಷ್ಟರಲ್ಲಿ ಫೂಟ್ ಗುರುತಿಸಿದ ಗಡಿಯನ್ನು ದಾಟಿಯೇ ಹೋಗಿರುತ್ತಾರೆ. ಕಿತ್ತೂರಿನ ಆಚೆಗೆ ಹೊಲದ ಬದುವಿನ ಕಲ್ಲಿನ ಬಣ್ಣ ಬದಲಾಗುವುದನ್ನು ಕಿಟಕಿಯಿಂದಲೂ ನೋಡಬಹುದು, ನೋಡುವ ಮನಸ್ಸಿದ್ದರೆ.

ಪುಣೆಗೂ ಕರ್ನಾಟಕದ ಕಲ್ಲಿಗೂ ಇನ್ನೊಂದು ನಂಟಿದೆ. ಇದು ಆಡಳಿತದ ಕಡತದಿಂದ ಬಂದದ್ದು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ 1801ರಲ್ಲಿ ಪುಣೆಯ ರೆಸಿಡೆಂಟ್ ಆಗಿ ಬಂದ. 1802ರ ಕೊನೆಯ ದಿನ ಎರಡನೆಯ ಬಾಜೀರಾಯನೊಂದಿಗೆ ವಸಾಯಿ ಒಪ್ಪಂದಕ್ಕೆ ಸಹಿ ಹಾಕಿ ಪೇಶ್ವೆಗಿರಿಯ ಸ್ವಾತಂತ್ರ್ಯಕ್ಕೆ ಮಂಗಳ ಹಾಡಿದವನು ಇವನೇ. ಇವನ ಹೆಸರಿನಲ್ಲಿ ಕಟ್ಟಿದ ಕ್ಲೋಸ್‌ಪೇಟೆ ಇಂದಿನ ರಾಮನಗರ. ಊರು ಹೆಸರು ಬದಲಿಸಿಕೊಂಡಿತು, ಬಂಡೆ ಬದಲಿಸಿಕೊಳ್ಳಲಿಲ್ಲ. ರಾಮನಗರದ ಗುಡ್ಡಗಳಿಂದ ಹಂಪಿಯ ಬಂಡೆರಾಶಿಯ ಕಡೆಗೆ ಸುಮಾರು 400 ಕಿ.ಮೀ. ಉದ್ದ ಹಬ್ಬಿರುವ ಆ ಗ್ರಾನೈಟ್ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್. ವಯಸ್ಸು ಸುಮಾರು 250 ಕೋಟಿ ವರ್ಷ. ಉತ್ತರಕ್ಕೆ ಸಾಗಿದಂತೆ ಅದೂ ಮರಳುಗಲ್ಲು ಮತ್ತು ಲಾವಾದ ಅಡಿ ಸೇರಿಬಿಡುತ್ತದೆ.

ಲಾವಾದ ಕೆಳಗೆ ಏನಿದೆ ಎಂಬುದನ್ನು ತೋರಿಸಿಕೊಟ್ಟದ್ದು ಎರಡು ಭೂಕಂಪಗಳು. 1967ರ ಡಿಸೆಂಬರ್ 11ರ ಕೊಯ್ನಾ, 1993ರ ಸೆಪ್ಟೆಂಬರ್ 30ರ ಕಿಲ್ಲಾರಿ. ಕಿಲ್ಲಾರಿಯಲ್ಲಿ ಹತ್ತಿರ ಹತ್ತಿರ 10 ಸಾವಿರ ಜನ ಮನೆಯ ಕಲ್ಲುಗೋಡೆಗಳ ಅಡಿ ಸಿಕ್ಕಿ ಸತ್ತರು. ಆಮೇಲೆ ಅಲ್ಲಿ 617 ಮೀಟರ್ ಆಳದ ಬಾವಿ ಕೊರೆದರು. ಸುಮಾರು 340 ಮೀಟರ್ ಬಸಾಲ್ಟ್ ದಾಟಿ, ತೆಳ್ಳನೆಯ ಒಂದು ಮಣ್ಣಿನ ಪದರ ದಾಟಿ, ಕೊರೆಯುವ ಯಂತ್ರ ಹಳೆಯ ಶಿಲೆಗೆ ತಗುಲಿತು. ಕೊಯ್ನಾದಲ್ಲಿ ಇದಕ್ಕಿಂತ ದೊಡ್ಡ ಸಾಹಸ ನಡೆಯಿತು. ಕೇಂದ್ರ ಭೂವಿಜ್ಞಾನ ಸಚಿವಾಲಯ ಕರಾಡದಲ್ಲಿ ಪ್ರಯೋಗಾಲಯವೊಂದನ್ನು ಕಟ್ಟಿ, ಸಾತಾರಾ ಜಿಲ್ಲೆಯ ಗೋಠಣೆಯಲ್ಲಿ 3 ಕಿ.ಮೀ. ಆಳದ ಬಾವಿಯನ್ನು 2017ರಲ್ಲಿ ಕೊರೆದು ಮುಗಿಸಿತು. ಒಂದೂಕಾಲು ಕಿ.ಮೀ. ಬಸಾಲ್ಟ್ ಮುಗಿದೊಡನೆ ಗ್ರಾನೈಟ್-ನೀಸ್. ಅಣೆಕಟ್ಟಿನ ನೀರಿಗೂ ಭೂಕಂಪಕ್ಕೂ ಇರುವ ನಂಟನ್ನು ಹುಡುಕಲು ಹೊರಟ ಯೋಜನೆ ಅದು. ಪರ್ವತಸಾಲಿನ ನಕ್ಷೆಕಾರರಿಗೆ ದಕ್ಕಿದ್ದು ಬೋನಸ್. ಆ ಸೀಮೆಯ ಬಾವಿಗಳಿಂದ ಬಂದ ಶಿಲೆಯ ಜಿರ್ಕಾನ್ ಹರಳುಗಳನ್ನು ಅಳೆದಾಗ ವಯಸ್ಸು 250 ಕೋಟಿ ವರ್ಷಗಳಾಚೆಗೆ ಹೋಯಿತು. ಈ ಫಲಿತಾಂಶ 2017ರಲ್ಲಿ ಬೆಂಗಳೂರಿನ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲೇ ಪ್ರಕಟವಾಯಿತು. ಧಾರವಾಡದ ನೆಲ ಸಹ್ಯಾದ್ರಿಯ ಅಡಿಯಲ್ಲಿ ಮುಂದುವರಿದಿದೆ ಎನ್ನಲು ಅಲ್ಲಿಯವರೆಗೆ ಇದ್ದದ್ದು ಗುರುತ್ವಾಕರ್ಷಣೆಯ ಅಳತೆ ಮತ್ತು ಊಹೆ. ಈಗ ಕೈಯಲ್ಲಿ ಕಲ್ಲೇ ಇದೆ. ಆದರೆ ಮಹಾರಾಷ್ಟ್ರದಷ್ಟು ದೊಡ್ಡ ಬಯಲಿಗೆ ಬಾವಿಗಳು ಎಷ್ಟಿವೆ? ಬೆರಳಲ್ಲಿ ಎಣಿಸಿದರೆ ಮುಗಿಯಿತು. ಕೊಯ್ನಾ ಮತ್ತು ಕಿಲ್ಲಾರಿಯ ನಡುವೆ ಗೆರೆ ಎಳೆದು, ಧಾರವಾಡದ ನೆಲವನ್ನು ಎರಡು ಪಾಲು ಮಾಡಿ 'ಇಲ್ಲಿ ಪೂರ್ವ ಧಾರವಾಡ, ಇಲ್ಲಿ ಪಶ್ಚಿಮ ಧಾರವಾಡ' ಎಂದು ಬಣ್ಣ ತುಂಬುವವರ ಧೈರ್ಯಕ್ಕೆ ಮೆಚ್ಚಬೇಕು, ನಂಬಬೇಕಾಗಿಲ್ಲ.

ಇನ್ನು ಸಮುದ್ರದ ಮಾತು.

ಖಂಡಗಳ ಅಂಚುಗಳು ಒಂದಕ್ಕೊಂದು ಹೊಂದುತ್ತವೆ ಎಂಬುದು ಹಳೆಯ ಕುತೂಹಲ. ವೆಗೆನರ್ 1912ರಲ್ಲಿ ಅದನ್ನು ಸಿದ್ಧಾಂತವಾಗಿಸಿದ. ಆದರೆ ಆಕಾರ ಹೊಂದಿದರೆ ಸಾಲದು, ಕಲ್ಲೂ ಹೊಂದಬೇಕು ಎಂದು ಹಟ ಹಿಡಿದು ನಡೆದವನು ದಕ್ಷಿಣ ಆಫ್ರಿಕದ ಅಲೆಕ್ಸಾಂಡರ್ ಡು ಟಾಯ್ಟ್. ತನ್ನ ದೇಶದ ನಕ್ಷೆಯನ್ನು ವರ್ಷಗಟ್ಟಲೆ ನಡೆದು ಬರೆದಿದ್ದ ಆತ 1923ರಲ್ಲಿ ದಕ್ಷಿಣ ಅಮೆರಿಕಕ್ಕೆ ಹಡಗು ಹತ್ತಿದ. ಬ್ರೆಜಿಲ್, ಅರ್ಜೆಂಟೀನಗಳಲ್ಲಿ ಕಂಡ ಪದರಗಳನ್ನು ಮನೆಯ ಪದರಗಳೊಂದಿಗೆ ಒಂದೊಂದಾಗಿ ತಾಳೆ ನೋಡಿದ. ಆ ಹೋಲಿಕೆಯ ಪುಸ್ತಕ 1927ರಲ್ಲಿ ಬಂತು. ಅಟ್ಲಾಂಟಿಕ್‌ನ ಉತ್ತರ ಭಾಗದಲ್ಲಿ ಇದೇ ಕೆಲಸ ಅಪಲೇಷಿಯನ್ ಸಾಲಿಗಾಗಿ ನಡೆಯಿತು. ಅಮೆರಿಕದ ಪೂರ್ವ ಕರಾವಳಿಯಿಂದ ನ್ಯೂಫೌಂಡ್‌ಲ್ಯಾಂಡ್‌ವರೆಗೆ ಬರುವ ಆ ಸಾಲಿನ ಮುಂದುವರಿಕೆ ಐರ್ಲೆಂಡ್, ಸ್ಕಾಟ್‌ಲೆಂಡ್, ನಾರ್ವೆಗಳಲ್ಲಿದೆ. ಕೆನಡಾದ ಟೂಜೊ ವಿಲ್ಸನ್ 1966ರಲ್ಲಿ ಕೇಳಿದ ಪ್ರಶ್ನೆ ಇಡೀ ಶಾಸ್ತ್ರವನ್ನು ಅಲುಗಾಡಿಸಿತು: ಅಟ್ಲಾಂಟಿಕ್ ಒಮ್ಮೆ ಮುಚ್ಚಿ, ಮತ್ತೆ ತೆರೆಯಿತೆ? ತೆರೆದಾಗ ಹಳೆಯ ಹೊಲಿಗೆಯ ಮೇಲೆಯೇ ಬಿಚ್ಚಿಕೊಳ್ಳದೆ ಸ್ವಲ್ಪ ಪಕ್ಕಕ್ಕೆ ಹರಿದದ್ದರಿಂದ ಅಮೆರಿಕದ ತುಣುಕು ಯುರೋಪಿನಲ್ಲೂ ಯುರೋಪಿನ ತುಣುಕು ಅಮೆರಿಕದಲ್ಲೂ ಉಳಿದುಹೋಯಿತು. ನ್ಯೂಫೌಂಡ್‌ಲ್ಯಾಂಡಿನ ಹೆರಾಲ್ಡ್ ವಿಲಿಯಮ್ಸ್ 1978ರಲ್ಲಿ ತಂದ ಅಪಲೇಷಿಯನ್ ನಕ್ಷೆ ಇಂಥ ಕೆಲಸಕ್ಕೆ ಇವತ್ತಿಗೂ ಮಾದರಿ.

ಹಿಂದೂ ಮಹಾಸಾಗರದ ಕಥೆ ಇದಕ್ಕಿಂತ ಗೋಜಲು. ಈ ಖಂಡಗಳೆಲ್ಲ ಕೂಡಿದ್ದ ಮಹಾಖಂಡಕ್ಕಿರುವ ಗೊಂಡ್ವಾನ ಎಂಬ ಹೆಸರೇ ನಮ್ಮ ನಡುವಿನ ಗೊಂಡರ ನಾಡಿನಿಂದ ಹೋದದ್ದು. ಸುಮಾರು 16 ಕೋಟಿ ವರ್ಷಗಳ ಹಿಂದೆ ಅದರ ಪೂರ್ವಾರ್ಧ ಆಫ್ರಿಕವನ್ನು ಬಿಟ್ಟಿತು. 13 ಕೋಟಿಯ ಹೊತ್ತಿಗೆ ಭಾರತ ಅಂಟಾರ್ಕ್ಟಿಕದಿಂದ ಕಳಚಿಕೊಂಡಿತು. 9 ಕೋಟಿಯ ಸುಮಾರಿಗೆ ಮಡಗಾಸ್ಕರ ಭಾರತದಿಂದ ಬೇರೆಯಾಯಿತು. ಕೊನೆಗೆ, ದಖ್ಖನ್ನಿನ ಲಾವಾ ಹರಿದ ಬೆನ್ನಿಗೆ, ಸೆಶೆಲ್ಸ್ ಕೂಡ ದೂರ ಸರಿಯಿತು. ಮಡಗಾಸ್ಕರ ಬೇರೆಯಾದ ಹೊತ್ತಿನ ಗಾಯದ ಗುರುತು ಉಡುಪಿಯ ಮಲ್ಪೆಯ ಎದುರಿಗಿರುವ ಸೇಂಟ್ ಮೇರಿಸ್ ದ್ವೀಪಗಳು. ದೋಣಿಯಲ್ಲಿ ಹೋಗಿ ಫೋಟೊ ತೆಗೆಸಿಕೊಂಡು ಬರುವ ಆ ಕಂಬಗಲ್ಲುಗಳನ್ನು ದಖ್ಖನ್ನಿನ ಬಸಾಲ್ಟ್ ಎಂದೇ ಹಲವರು ತಿಳಿದಿದ್ದಾರೆ. ಅದು ಬೇರೆ ಜಾತಿಯ ಜ್ವಾಲಾಮುಖಿ ಶಿಲೆ, ವಯಸ್ಸು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಮಡಗಾಸ್ಕರದ ಲಾವಾಗಳಿಗೂ ಇದೇ ಪ್ರಾಯ.

ಆದರೆ ಇವೆಲ್ಲ ಬೇರ್ಪಟ್ಟ ಕಥೆ. ಅದಕ್ಕಿಂತ ಕಠಿಣ, ಅವು ಕೂಡಿದ ಕಥೆ. ಭಾರತ ಮತ್ತು ಮಡಗಾಸ್ಕರ ಒಂದಾದದ್ದು ಯಾವಾಗ? ನಡುವೆ ಇದ್ದ ಸಾಗರ ಮುಚ್ಚಿ ಪರ್ವತ ಎದ್ದ ರೇಖೆ ಎಲ್ಲಿ? ಪರ್ವತವೇನೋ ಸವೆದುಹೋಗಿದೆ, ಉಳಿದಿರುವುದು ಅದರ ಬೇರು. ಆ ಬೇರನ್ನು ಹುಡುಕುವ ಜಗಳದಲ್ಲಿ ಉತ್ತರ ಕನ್ನಡದ ಒಂದು ತಾಲೂಕು ಕೇಂದ್ರದ ಹೆಸರು ಜಗತ್ತಿನ ಭೂವಿಜ್ಞಾನ ಪತ್ರಿಕೆಗಳನ್ನು ಹೊಕ್ಕಿತು. ಅದೇ ಕುಮಟಾ.

2013ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಈಶ್ವರ್ ಕುಮಾರ್, ಕೆ. ಸಜೀವ್, ಇಂಗ್ಲೆಂಡಿನ ಬ್ರಿಯಾನ್ ವಿಂಡ್ಲಿ ಮತ್ತು ಜಪಾನಿನ ಸಹೋದ್ಯೋಗಿಗಳು ಒಂದು ಪ್ರಬಂಧ ಪ್ರಕಟಿಸಿದರು. ಕಾರವಾರದ ಕಡೆಯ ನೀಸ್ ಶಿಲೆಗೆ ಸುಮಾರು 320 ಕೋಟಿ ವರ್ಷ. ಪೂರ್ವಕ್ಕಿರುವ ನೀಸ್‌ಗೆ ಸುಮಾರು 257 ಕೋಟಿ. ಎರಡರ ನಡುವೆ ಕುಮಟಾದ ಸುತ್ತಮುತ್ತ ಕಿರಿದಾದ ಒಂದು ಪಟ್ಟಿ. ಅದರಲ್ಲಿ ಗಾರ್ನೆಟ್ ಹರಳುಗಳಿರುವ ಪದರಶಿಲೆ, ಬೆಳ್ಳಿಯಂತೆ ಹೊಳೆಯುವ ಕಾಗೆಬಂಗಾರದ ಪದರಶಿಲೆ, ಕ್ರೋಮಿಯಂನಿಂದ ಹಸಿರೇರಿದ ಇನ್ನೊಂದು ಬಗೆಯ ಕಾಗೆಬಂಗಾರ, ಅಮೃತಶಿಲೆ. ಈ ಬೆಳ್ಳಿಬಣ್ಣದ ಕಾಗೆಬಂಗಾರದ ರಾಸಾಯನಿಕ ರಚನೆಯಿಂದ ಲೆಕ್ಕ ಹಾಕಿದಾಗ ಸುಮಾರು 18 ಕಿಲೋಬಾರ್ ಒತ್ತಡ, 550 ಡಿಗ್ರಿ ಶಾಖ ಬಂತು. 18 ಕಿಲೋಬಾರ್ ಎಂದರೆ 60 ಕಿ.ಮೀ. ಆಳಕ್ಕೂ ಮೀರಿದ ಒತ್ತಡ. ಅಷ್ಟು ಆಳದಲ್ಲಿ ಇಷ್ಟು ಕಡಿಮೆ ಶಾಖ ಇರಬೇಕಾದರೆ ತಣ್ಣನೆಯ ಕಲ್ಲು ಬೇಗ ಬೇಗ ಕೆಳಗಿಳಿದಿರಬೇಕು. ಸಾಗರತಳ ಖಂಡದಡಿಗೆ ಜಾರುವ ಕಡೆಗಳಲ್ಲಿ ಆಗುವುದು ಅದೇ. ಆ ಖನಿಜದ ಪೊಟ್ಯಾಸಿಯಂ-ಆರ್ಗಾನ್ ವಯಸ್ಸು ಸುಮಾರು 130 ಕೋಟಿ ವರ್ಷ. ಹಾಗಾಗಿ ಇದು ಎರಡು ಭೂಖಂಡಗಳ ಬೆಸುಗೆ ಎಂದರು, ಕುಮಟಾ ಬೆಸುಗೆ ಎಂದು ಹೆಸರಿಟ್ಟರು, ಮಡಗಾಸ್ಕರದ ಬೆತ್ಸಿಮಿಸಾರಾಕ ಬೆಸುಗೆಯೇ ಸಮುದ್ರ ದಾಟಿ ಇಲ್ಲಿ ಮುಂದುವರಿದಿದೆ ಎಂದು ವಾದಿಸಿದರು. ಪೂರ್ವಕ್ಕೆ ಶಿರಸಿಯ ಕಡೆಗಿರುವ ಸುಣ್ಣಶಿಲೆ, ಜೇಡುಶಿಲೆ, ಮರಳುಗಲ್ಲು, ಕಬ್ಬಿಣದ ಪಟ್ಟೆಗಲ್ಲುಗಳು ಹಳೆಯ ಖಂಡದ ಅಂಚಿನ ಆಳವಿಲ್ಲದ ಕಡಲಲ್ಲಿ ಕೂತ ಪದರಗಳು ಎಂಬುದು ಅವರ ಓದು. ಯಾಣದ ಕರಿ ಸುಣ್ಣಕಲ್ಲಿನ ಗೋಪುರಗಳನ್ನು ನೋಡಲು ಹೋಗುವ ಯಾತ್ರಿಕರು ಈ ಜಗಳದ ನೆಲದ ಮೇಲೆಯೇ ನಡೆಯುತ್ತಾರೆ.

ನಕ್ಷೆ ಬರೆಯುವವರಿಗೆ ಕುಮಟಾ ಸುಲಭದ ಊರಲ್ಲ. ಮಳೆಗಾಲದಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಸೀಮೆ. ಕಲ್ಲೆಲ್ಲ ಕೊಳೆತು ಮೇಲೆ ಚಿರೆಕಲ್ಲಿನ ಟೊಪ್ಪಿಗೆ ಹಾಕಿಕೊಂಡಿದೆ. ಚಿರೆಕಲ್ಲಿನ ಮೇಲೆ ಕಾಡು, ಗೇರು, ತೋಟ. ಟೊಪೋಶೀಟಿನ ಮೇಲೆ ಒಂದು ಅಂಗುಲ ಗೆರೆ ಎಳೆಯಬೇಕಾದರೆ ಹಳ್ಳದ ಪಾತ್ರ, ಕಡಲಿಗೆ ಚಾಚಿದ ಬಂಡೆಮೂಗು, ಕಲ್ಲುಕ್ವಾರಿ, ಬಾವಿ ತೋಡಿದ ಮಣ್ಣಿನ ಗುಡ್ಡೆ, ಹೀಗೆ ಸಿಕ್ಕಿದ್ದನ್ನೆಲ್ಲ ಜೋಡಿಸಬೇಕು. 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲ್ವೆ ಗುಡ್ಡ ಸೀಳಿದ್ದರಿಂದ ಎಷ್ಟೋ ಕಡೆ ಕೊಳೆಯದ ಕಲ್ಲಿನ ಗೋಡೆಗಳು ಬಯಲಾದವು. ಬ್ರಂಟನ್ ದಿಕ್ಸೂಚಿ ಹಿಡಿದು ಪದರದ ಓಟ ಮತ್ತು ವಾಟ, ಎಂದರೆ ಅದು ಹಬ್ಬಿದ ದಿಕ್ಕು ಮತ್ತು ಬಾಗಿದ ಕೋನ, ಅಳೆಯುವುದು, ಸುತ್ತಿಗೆಯಿಂದ ಮುಷ್ಟಿಗಾತ್ರದ ನಮೂನೆ ಒಡೆದು ಬಟ್ಟೆಚೀಲಕ್ಕೆ ಹಾಕುವುದು, ಚೀಲದ ಮೇಲೆ ನಂಬರು ಬರೆಯುವುದು: ಫೂಟ್‌ನ ಕಾಲದಿಂದ ಈ ಭಾಗದ ಕೆಲಸ ಅಷ್ಟೇನೂ ಬದಲಾಗಿಲ್ಲ.

ಬದಲಾಗಿರುವುದು ಆ ಚೀಲ ಪ್ರಯೋಗಾಲಯ ಸೇರಿದ ಮೇಲಿನ ಕಥೆ. ಕಲ್ಲನ್ನು ಪುಡಿ ಮಾಡಿ, ನೀರಿನಲ್ಲಿ ಜಾಲಿಸಿ, ಅಯಸ್ಕಾಂತದಿಂದ ಕಬ್ಬಿಣದ ಖನಿಜ ತೆಗೆದು, ಭಾರದ ದ್ರವದಲ್ಲಿ ಮುಳುಗಿಸಿ ಕೊನೆಗೆ ತಳದಲ್ಲಿ ಉಳಿಯುವುದು ಜಿರ್ಕಾನ್ ಹರಳುಗಳು. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಗಾತ್ರ. ಸೂಕ್ಷ್ಮದರ್ಶಕದಡಿ ಸೂಜಿಯಿಂದ ಒಂದೊಂದನ್ನೇ ಹೆಕ್ಕಿ, ರಾಳದ ಬಿಲ್ಲೆಯಲ್ಲಿ ಕೂರಿಸಿ, ಅರ್ಧ ಸವೆಯುವವರೆಗೆ ಉಜ್ಜುತ್ತಾರೆ. ಹರಳಿನ ಒಳಗೆ ಮರದ ಉಂಗುರದಂತೆ ಬೆಳೆದ ವಲಯಗಳು ಕಾಣುತ್ತವೆ. ಹುಟ್ಟುವಾಗ ಜಿರ್ಕಾನ್ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ದೂರವಿಡುತ್ತದೆ. ಆದ್ದರಿಂದ ಒಳಗಿರುವ ಸೀಸವೆಲ್ಲ ಆಮೇಲೆ ಯುರೇನಿಯಂ ಕ್ಷಯಿಸಿ ಆದದ್ದು. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ, ಯುರೇನಿಯಂ-235ರದ್ದು 70 ಕೋಟಿ. ಒಂದೇ ಹರಳಿನಲ್ಲಿ ಎರಡು ಗಡಿಯಾರ. ಎರಡೂ ಒಂದೇ ಸಮಯ ಹೇಳಿದರೆ ನಂಬಬಹುದು, ಬೇರೆ ಬೇರೆ ಹೇಳಿದರೆ ನಡುವೆ ಏನೋ ಕಿತಾಪತಿ ಆಗಿದೆ ಎಂದರ್ಥ. ಇದರ ಜೊತೆಗೆ ಹಾಫ್ನಿಯಂ ಎಂಬ ಮೂಲವಸ್ತುವನ್ನೂ ಅಳೆದರೆ, ಆ ಹರಳು ಹುಟ್ಟಿದ ಶಿಲಾಪಾಕ ಭೂಗರ್ಭದಿಂದ ಹೊಸದಾಗಿ ಬಂದದ್ದೊ, ಹಳೆಯ ನೆಲವೇ ಮತ್ತೆ ಕರಗಿದ್ದೊ ಎಂಬುದೂ ತಿಳಿಯುತ್ತದೆ.

ಈಗ ಆಚೆ ದಡ. ಮಡಗಾಸ್ಕರದ ಮೊದಲ ಸಮಗ್ರ ನಕ್ಷೆಗಳ ಶ್ರೇಯ ಫ್ರೆಂಚ್ ಭೂವಿಜ್ಞಾನಿ ಆನ್ರಿ ಬೆಜೇರಿಗೆ ಸಲ್ಲಬೇಕು. ದಶಕಗಳ ಕೆಲಸದ ಮೇಲೆ 1964ರಲ್ಲಿ ಇಡೀ ದ್ವೀಪದ ನಕ್ಷೆ ತಂದ. ಈ ಶತಮಾನದ ಮೊದಲ ದಶಕದಲ್ಲಿ ವಿಶ್ವಬ್ಯಾಂಕ್ ಹಣದಿಂದ ಬ್ರಿಟಿಷ್, ಅಮೆರಿಕನ್, ಫ್ರೆಂಚ್ ಮತ್ತು ದಕ್ಷಿಣ ಆಫ್ರಿಕದ ಸರ್ವೇಕ್ಷಣಾ ಸಂಸ್ಥೆಗಳು ಸೇರಿ ದ್ವೀಪದ ಬಹುಭಾಗವನ್ನು ಹೊಸದಾಗಿ ನಕ್ಷೆಗೆ ಇಳಿಸಿದವು, ನೂರಾರು ಶಿಲೆಗಳ ವಯಸ್ಸು ಅಳೆದವು. ದ್ವೀಪದ ಈಶಾನ್ಯ ತೀರದ ಅಂತೋಂಗಿಲ್ ಭಾಗದಲ್ಲಿ 310-330 ಕೋಟಿ ವರ್ಷದ ನೀಸ್, ಅದನ್ನು ಸೀಳಿ ಬಂದ 250 ಕೋಟಿಯ ಗ್ರಾನೈಟ್. ಹಾಸನದ ಗೊರೂರಿನ ಸುತ್ತಲಿನ ನೀಸ್‌ಗೂ ಸುಮಾರು ಇಷ್ಟೇ ಪ್ರಾಯ. ಅಂತೋಂಗಿಲ್ ಒಂದು ಕಾಲಕ್ಕೆ ಪಶ್ಚಿಮ ಧಾರವಾಡದ ತುಂಡಾಗಿತ್ತು ಎಂಬ ಬಗ್ಗೆ ಈಗ ಹೆಚ್ಚು ತಕರಾರಿಲ್ಲ.

ತಕರಾರು ಇರುವುದು ಅದರ ಪಶ್ಚಿಮಕ್ಕೆ. ದ್ವೀಪದ ನಡುಭಾಗದ ಅಂತನನರಿವೊ ವಲಯಕ್ಕೂ ಅಂತೋಂಗಿಲ್‌ಗೂ ನಡುವೆ ಗ್ರಾಫೈಟ್ ತುಂಬಿದ ಪದರಶಿಲೆ, ಅಲ್ಲಲ್ಲಿ ಸಾಗರತಳದಂಥ ಕಪ್ಪು ಶಿಲೆಯ ಗಂಟುಗಳಿರುವ ಪಟ್ಟಿಯೊಂದಿದೆ. 2002ರಲ್ಲಿ ಅಲನ್ ಕಾಲಿನ್ಸ್ ಮತ್ತು ಬ್ರಿಯಾನ್ ವಿಂಡ್ಲಿ ಇದನ್ನು ಬೆತ್ಸಿಮಿಸಾರಾಕ ಬೆಸುಗೆ ಎಂದು ವಿವರಿಸಿದರು. ಮೊಜಾಂಬಿಕ್ ಸಾಗರ ಎಂಬ ಕಡಲು ಇಲ್ಲಿ ಮುಚ್ಚಿತು, ಗೊಂಡ್ವಾನ ಇಲ್ಲಿ ಕೂಡಿಕೊಂಡಿತು, ಅದಾಗಿ ಐವತ್ತು-ಅರವತ್ತು ಕೋಟಿ ವರ್ಷ ಎಂಬುದು ಅವರ ವಾದ. ಹೊಸ ನಕ್ಷೆಗಾಗಿ ದುಡಿದ ರಾಬರ್ಟ್ ಟಕರ್ ಮತ್ತು ಸಂಗಡಿಗರು 2011ರಲ್ಲಿ ಇದನ್ನು ತಳ್ಳಿಹಾಕಿದರು. ಅಲ್ಲಿ ಬೆಸುಗೆಯೇ ಇಲ್ಲ, ನಡು ಮಡಗಾಸ್ಕರ, ಅಂತೋಂಗಿಲ್, ಧಾರವಾಡ ಮೂರೂ 250 ಕೋಟಿ ವರ್ಷಗಳ ಹಿಂದೆಯೇ ಒಂದಾಗಿದ್ದವು ಎಂದರು. ಆ ಕೂಡುನೆಲಕ್ಕೆ ಅವರಿಟ್ಟ ಹೆಸರು 'ಬೃಹತ್ ಧಾರವಾಡ'. ಫೂಟ್ ಒಂದು ಶಿಲಾಕೂಟಕ್ಕೆ ಇಟ್ಟ ಜಿಲ್ಲೆಯ ಹೆಸರು ಹೀಗೆ ಆಫ್ರಿಕದ ಅಂಚಿನವರೆಗೆ ಹಬ್ಬಿತು. ಪೇಢೆಯನ್ನು ಬಿಟ್ಟರೆ ಧಾರವಾಡಕ್ಕೆ ಇಷ್ಟು ದೂರದ ಕೀರ್ತಿ ತಂದದ್ದು ಬೇರೊಂದಿರಲಾರದು.

2013ರ ಕುಮಟಾ ಪ್ರಬಂಧ ಬಂದದ್ದು ಈ ಜಗಳದ ನಟ್ಟನಡುವೆ. ಅದಕ್ಕೆ ಉತ್ತರ 2018ರಲ್ಲಿ ಆಸ್ಟ್ರೇಲಿಯದ ಅಡಿಲೇಡ್‌ನಿಂದ ಬಂತು. ಶೆರೀ ಆರ್ಮಿಸ್ಟೆಡ್ ಮತ್ತು ಸಂಗಡಿಗರು ಕಾರವಾರ ಭಾಗದ ಐದು ಪದರಶಿಲೆಗಳ ಜಿರ್ಕಾನ್ ಅಳೆದರು. ಒಂದು ಗುಂಪು ಸುಮಾರು 310 ಕೋಟಿ, ಇನ್ನೊಂದು 250 ಕೋಟಿ. ಜೊತೆಗೆ ಭಾರತ ಮತ್ತು ಮಡಗಾಸ್ಕರಗಳಿಂದ ಅದುವರೆಗೆ ಪ್ರಕಟವಾಗಿದ್ದ 7 ಸಾವಿರಕ್ಕೂ ಹೆಚ್ಚು ಯುರೇನಿಯಂ-ಸೀಸದ ಅಳತೆಗಳನ್ನು, ಸಾವಿರಕ್ಕೂ ಹೆಚ್ಚು ಹಾಫ್ನಿಯಂ ಅಳತೆಗಳನ್ನು ಒಟ್ಟು ಹಾಕಿ ಸಂಖ್ಯಾಶಾಸ್ತ್ರದ ಒರೆಗೆ ಹಚ್ಚಿದರು. ತೀರ್ಮಾನ: ಕಾರವಾರ ಪಶ್ಚಿಮ ಧಾರವಾಡದ್ದೇ ಮುಂದುವರಿಕೆ, ಕೆಲವು ಮಾದರಿಗಳು ಹೇಳುವಂತೆ ನಡು ಮಡಗಾಸ್ಕರದ ತುಂಡಲ್ಲ. ನಡು ಮಡಗಾಸ್ಕರ ಆ ಹಳೆಯ ಕಾಲದಲ್ಲಿ ಭಾರತಕ್ಕೆ ತಾಗಿಕೊಂಡೂ ಇರಲಿಲ್ಲ. ಅಂದರೆ ಟಕರ್‌ನ ಬೃಹತ್ ಧಾರವಾಡಕ್ಕೂ ಪೆಟ್ಟು ಬಿತ್ತು, ಕುಮಟಾಕ್ಕೂ. ಒಂದು ಸ್ವಾರಸ್ಯ ಗಮನಿಸಬೇಕು. 2002ರಲ್ಲಿ ಜೊತೆಯಾಗಿ ಬರೆದ ಇಬ್ಬರಲ್ಲಿ ವಿಂಡ್ಲಿ 2013ರ ಪ್ರಬಂಧದಲ್ಲಿದ್ದಾರೆ, ಕಾಲಿನ್ಸ್ 2018ರ ಪ್ರಬಂಧದಲ್ಲಿದ್ದಾರೆ.

ಯಾರನ್ನು ಒಪ್ಪುವುದು? ಕಾರವಾರ ಯಾರದು ಎಂಬ ಪ್ರಶ್ನೆ ಬಹುಮಟ್ಟಿಗೆ ಬಗೆಹರಿದಂತಿದೆ. ಜಿರ್ಕಾನ್‌ನ ಸಾಕ್ಷ್ಯ ಧಾರವಾಡದ ಪರವಾಗಿದೆ. ಆದರೆ 18 ಕಿಲೋಬಾರ್ ಎಲ್ಲಿಗೂ ಹೋಗಿಲ್ಲ. ಅಷ್ಟು ಆಳಕ್ಕಿಳಿದು ಮೇಲೆ ಬಂದ ಕಲ್ಲು ಕುಮಟಾದಲ್ಲಿ ಇದ್ದರೆ ಅದಕ್ಕೊಂದು ಕಾರಣ ಬೇಕು, ಆ ಕಾರಣ ಎರಡು ಖಂಡಗಳ ನಡುವಿನ ಸಾಗರವೇ ಆಗಬೇಕಾಗಿಲ್ಲ. 130 ಕೋಟಿ ಎಂಬ ಅಂಕಿ ಮಾತ್ರ ದುರ್ಬಲ. ಪೊಟ್ಯಾಸಿಯಂ-ಆರ್ಗಾನ್ ಗಡಿಯಾರ ಶಾಖಕ್ಕೆ ಸಿಕ್ಕಿದರೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಹೆಚ್ಚಿನ ಒತ್ತಡದಲ್ಲಿ ಬೆಳೆದ ಕಾಗೆಬಂಗಾರ ಹೊರಗಿನ ಆರ್ಗಾನ್ ಹೀರಿಕೊಂಡು ಇದ್ದದ್ದಕ್ಕಿಂತ ಹಳೆಯ ವಯಸ್ಸು ತೋರಿಸುವುದೂ ಉಂಟು. ಅದೇ ಪದರಶಿಲೆಯ ಗಾರ್ನೆಟ್‌ನಿಂದ, ಮೊನಜೈಟ್ ಎಂಬ ಖನಿಜದಿಂದ ಬೇರೆ ವಿಧಾನದಲ್ಲಿ ವಯಸ್ಸು ತೆಗೆಯುವವರೆಗೆ ಕುಮಟಾದ ಬೆಸುಗೆಯನ್ನು ನಕ್ಷೆಯಲ್ಲಿ ಅಖಂಡ ಗೆರೆಯಾಗಿ ಎಳೆಯುವುದು ಅವಸರ, ಅಳಿಸಿಹಾಕುವುದೂ ಅವಸರ. ಚುಕ್ಕೆಗೆರೆಯೇ ಸರಿ.

ಕರ್ನಾಟಕದ ದಕ್ಷಿಣ ತುದಿಯ ಕಥೆ ಇಷ್ಟು ಜಗಳಗಂಟಿಯಲ್ಲ. ಚಿತ್ರದುರ್ಗದಿಂದ ಬಿಳಿಗಿರಿರಂಗನ ಬೆಟ್ಟದ ಕಡೆಗೆ ಹೋದಂತೆ ಹಳೆಯ ಭೂತೊಗಟೆಯ ಆಳಾಳದ ಪದರಗಳು ಬಯಲಾಗುತ್ತವೆ. ಕನಕಪುರದ ಹತ್ತಿರದ ಕಬ್ಬಾಳದುರ್ಗದ ಕ್ವಾರಿಯಲ್ಲಿ ಬೂದು ನೀಸ್ ನಡುವೆ ಎಣ್ಣೆ ಸುರಿದಂಥ ಕರಿಹಸಿರು ಮಚ್ಚೆಗಳಿವೆ. ನೀಸ್ ಚಾರ್ನೊಕೈಟ್ ಎಂಬ ಶಿಲೆಯಾಗಿ ಮಾರ್ಪಡುತ್ತಿದ್ದ ಕ್ಷಣ ಅಲ್ಲಿ ಹಾಗೇ ನಿಂತಿದೆ. 1960ರಲ್ಲಿ ಸಿ.ಎಸ್. ಪಿಚ್ಚಮುತ್ತು ಅದನ್ನು 'ನೇಚರ್' ಪತ್ರಿಕೆಯಲ್ಲಿ ವಿವರಿಸಿದ ಮೇಲೆ ಆ ಕ್ವಾರಿ ಜಗತ್ತಿನ ಭೂವಿಜ್ಞಾನಿಗಳಿಗೆ ಯಾತ್ರಾಸ್ಥಳ. ಅಲ್ಲಿಂದ ಪಾಲ್ಘಾಟ್-ಕಾವೇರಿ ರೇಖೆ ದಾಟಿದರೆ ಐವತ್ತು-ಅರವತ್ತು ಕೋಟಿ ವರ್ಷಗಳ ಹಿಂದಿನ ಪರ್ವತಸಾಲಿನ ಬೇರು. ಅದೇ ಸಾಲು ಮೊಜಾಂಬಿಕ್, ದಕ್ಷಿಣ ಮಡಗಾಸ್ಕರ, ಶ್ರೀಲಂಕಾ ಹಾದು ಅಂಟಾರ್ಕ್ಟಿಕದಲ್ಲಿ ಜಪಾನಿನ ಶೋವಾ ನಿಲ್ದಾಣದ ಸುತ್ತಲಿನ ಬಂಡೆಗಳಲ್ಲಿ ಕಾಣಿಸಿಕೊಳ್ಳುತ್ತದೆ. 2012ರಲ್ಲಿ ತೆರೆದ ಭಾರತದ 'ಭಾರತಿ' ನಿಲ್ದಾಣವಿರುವ ಲಾರ್ಸೆಮನ್ ಗುಡ್ಡಗಳು ಒಂದು ಕಾಲಕ್ಕೆ ನಮ್ಮ ಪೂರ್ವಘಟ್ಟದ ನೆರೆಯವು.

ಕಡಲ ನಡುವೆ ಕಳೆದುಹೋದ ತುಣುಕುಗಳೂ ಇವೆ. ಮಾರಿಷಸ್ ಇಡೀ ದ್ವೀಪ ಜ್ವಾಲಾಮುಖಿಯಿಂದ ಎದ್ದದ್ದು, 1 ಕೋಟಿ ವರ್ಷವೂ ಆಗಿಲ್ಲ. ಆದರೆ ದಕ್ಷಿಣ ಆಫ್ರಿಕದ ಲೂಯಿಸ್ ಆಶ್ವಾಲ್ ಮತ್ತು ಸಂಗಡಿಗರು 2017ರಲ್ಲಿ ಅಲ್ಲಿನ ಲಾವಾದೊಳಗೆ 300 ಕೋಟಿ ವರ್ಷದವರೆಗಿನ ಜಿರ್ಕಾನ್ ಹರಳುಗಳು ಸಿಕ್ಕಿದವೆಂದು ಪ್ರಕಟಿಸಿದರು. ಲಾವಾ ಮೇಲೇರುವಾಗ ದಾರಿಯಲ್ಲಿದ್ದ ಹಳೆಯ ಭೂಖಂಡದ ಚೂರನ್ನು ಕಿತ್ತು ತಂದಿದೆ. ಭಾರತ-ಮಡಗಾಸ್ಕರದ ನಡುವಿನ ಜೋಡಣೆ ಪೂರ್ತಿಯಾಗಬೇಕಾದರೆ ಇಂಥ ಮುಳುಗಿದ ಚೂರುಗಳಿಗೂ ಜಾಗ ತೋರಿಸಬೇಕು.

ಹಾಗಾದರೆ ಪುಣೆಯವರು ಮಾಡಬಹುದಾದದ್ದೇನು? ಲಾವಾದಡಿಯ ನಕ್ಷೆಗೆ ಇನ್ನಷ್ಟು ಆಳದ ಬಾವಿಗಳು ಬೇಕು. ಅದು ಸರ್ಕಾರದ ಹಣದ ಮಾತು. ಆದರೆ ಕರಾವಳಿಯಲ್ಲಿ ಹಣವಿಲ್ಲದೆ ಆಗುವ ಒಂದು ಕೆಲಸ ಕೈತಪ್ಪುತ್ತಿದೆ. ಉತ್ತರ ಕನ್ನಡದಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಅಗಲಿಸಲು ಗುಡ್ಡಗಳನ್ನು ಕಡಿದಾಗ ನೂರಾರು ವರ್ಷ ಯಾರೂ ನೋಡದ ಕಲ್ಲು ಬೆಳಕಿಗೆ ಬಂತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತ ಮೇಲೆ ಇಂಥ ಇಳಿಜಾರುಗಳನ್ನು ಭದ್ರಪಡಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಾಲರಿ ಹೊದಿಸಿ ಸಿಮೆಂಟು ಸಿಂಪಡಿಸುವ ಮೊದಲು ಒಬ್ಬ ಭೂವಿಜ್ಞಾನಿ ಆ ಗೋಡೆಯ ಫೋಟೊ ತೆಗೆದು, ಪದರದ ಓಟ-ವಾಟ ಬರೆದುಕೊಂಡು, ನಮೂನೆಯೊಂದನ್ನು ಒಡೆದಿಟ್ಟುಕೊಳ್ಳಲು ಬಿಡಬೇಕು. ಪುಣೆ, ಧಾರವಾಡ, ಕಾರವಾರಗಳ ಕಾಲೇಜುಗಳ ಭೂವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಒಂದು ಚಳಿಗಾಲದ ಕೆಲಸ. ಗೋವಾ ದಾರಿಯಲ್ಲಿ ಗೋಕರ್ಣಕ್ಕೆ ಹೋಗುವ ಪುಣೆಯ ಕನ್ನಡಿಗರಲ್ಲಿ ಯಾರಾದರೂ ಅಧ್ಯಾಪಕರಿದ್ದರೆ, ಮುಂದಿನ ಡಿಸೆಂಬರ್‌ನಲ್ಲಿ ಕಾರವಾರದಿಂದ ಹೊನ್ನಾವರದವರೆಗಿನ ಹೆದ್ದಾರಿಯ ಟೊಪೋಶೀಟನ್ನೂ ಒಂದು ಗುಂಪು ಹುಡುಗ-ಹುಡುಗಿಯರನ್ನೂ ಜೊತೆಗೆ ಕರೆದುಕೊಂಡು ಹೋಗಲಿ.